ಇಳಿಯಲೊಲ್ಲದ ಪ್ಯಾಸೆಂಜರುಗಳು

ಆ ಮನೆಯಲ್ಲಿ ಒಂದು ಮಾತು ಮುಗಿಯುವ ಮುಂಚೆಯೇ ಇನ್ನೊಂದು ಹುಟ್ಟುತ್ತಿತ್ತು. ಅಪ್ಪ ಬಸ್ಸಿನ ಡ್ರೈವರು. ಎದುರಿಗಿದ್ದವರು ಅರ್ಧ ಮಾತು ಆಡಿದರೆ ಉಳಿದರ್ಧವನ್ನು ತಾನೇ ಆಡಿ, ಅದಕ್ಕೆ ಉತ್ತರವನ್ನೂ ಕೊಟ್ಟು, ಮುಂದಿನ ವಿಷಯಕ್ಕೆ ಗೇರು ಬದಲಿಸಿಬಿಡುತ್ತಿದ್ದ. ಅಮ್ಮ ಅದಕ್ಕೆ ಅಡ್ಡಮಾತು ಹಾಕುತ್ತಿದ್ದಳು. ಅಪ್ಪನ ಅಕ್ಕ, ಅಂದರೆ ದೊಡ್ಡತ್ತೆ, ಇಬ್ಬರ ಮಾತಿಗೂ ತೀರ್ಪು ಕೊಡುತ್ತಿದ್ದಳು. ಈ ಮೂವರ ನಡುವೆ ಬೆಳೆದ ಮಗಳಿಗೆ ಬಾಯಿ ತೆರೆಯಲು ಸಂದು ಸಿಗಲಿಲ್ಲವೋ, ತೆರೆಯುವ ಆಸೆಯೇ ಇರಲಿಲ್ಲವೋ ಹೇಳುವುದು ಕಷ್ಟ. ಅವಳನ್ನು ಎಲ್ಲರೂ ಗುಬ್ಬಿ ಎಂದು ಕರೆಯುತ್ತಿದ್ದರು. "ಚಿಲಿಪಿಲಿ ಅನ್ನದ ಗುಬ್ಬಿ ಲೋಕದಲ್ಲಿ ಇದೊಂದೇ ನೋಡು" ಎಂದು ದೊಡ್ಡತ್ತೆ ಬಂದವರಿಗೆಲ್ಲ ತೋರಿಸುತ್ತಿದ್ದಳು, ಪ್ರದರ್ಶನಕ್ಕಿಟ್ಟ ಹಾಗೆ.

ಶಾಲೆಯಲ್ಲಿ ಎದ್ದು ನಿಂತು ಓದು ಎಂದರೆ ಗುಬ್ಬಿಯ ಗಂಟಲು ಕಟ್ಟುತ್ತಿತ್ತು. ಕಟ್ಟಿ ಕಟ್ಟಿ ಒಂದು ದಿನ ಶಾಲೆಯೇ ಬಿಟ್ಟುಹೋಯಿತು. ಈಗ ಒಂದು ಟೈಲರ್ ಅಂಗಡಿಯಲ್ಲಿ ಅಂಚು ಮಡಿಚಿ ಹೊಲಿಯುವ ಕೆಲಸ. ಬಟ್ಟೆ ಯಾರನ್ನೂ ಏನೂ ಕೇಳುವುದಿಲ್ಲ, ಅದೇ ಅವಳಿಗೆ ಸುಖ. ಕಷ್ಟವೆಂದರೆ ಹೋಗಿ ಬರುವ ದಾರಿ. ಅಂಗಡಿಯ ಹತ್ತಿರದ ಸ್ಟಾಪಿನಲ್ಲಿ ಬಸ್ಸು ತಾನಾಗಿ ನಿಲ್ಲುವುದಿಲ್ಲ, "ನಿಲ್ಸಿ" ಎಂದು ಕೂಗಬೇಕು. ಗುಬ್ಬಿ ಕೂಗುವವಳಲ್ಲ. ಬೇರೆ ಯಾರಾದರೂ ಇಳಿದರೆ ಅವರ ಬೆನ್ನಿಗೆ ಇಳಿಯುವುದು, ಇಲ್ಲದಿದ್ದರೆ ಮುಂದಿನ ದೊಡ್ಡ ಸ್ಟಾಪಿಗೆ ಹೋಗಿ ಅಲ್ಲಿಂದ ಹಿಂದಕ್ಕೆ ನಡೆಯುವುದು. ಡ್ರೈವರನ ಮಗಳು ಬಸ್ಸು ನಿಲ್ಲಿಸಲಾರಳು ಎಂಬ ಸುದ್ದಿ ಡಿಪೋದಲ್ಲೆಲ್ಲ ಹಬ್ಬಿ, ಅಪ್ಪನನ್ನು ರೇಗಿಸುವವರಿಗೆ ಒಳ್ಳೆ ಮೇವಾಗಿತ್ತು.

ಅಂಥ ಮನೆಯಲ್ಲಿ ಒಂದು ಭಾನುವಾರ ಅಪ್ಪ ಸ್ಟೂಲಿನ ಮೇಲೆ ಹತ್ತಿ ಫ್ಯಾನು ಒರೆಸುತ್ತಿದ್ದ. ದೊಡ್ಡತ್ತೆ "ಹುಷಾರು ಕಣೋ, ಸ್ಟೂಲು..." ಎಂದಳು. ಸ್ಟೂಲು ಅಲ್ಲಾಡುತ್ತಿದೆ ಎಂದು ಅವಳು ಹೇಳಿ ಮುಗಿಸುವ ಮುಂಚೆಯೇ ಅಪ್ಪ ಅವಳ ಕಡೆ ತಿರುಗಿ "ನಂಗೊತ್ತು!" ಎಂದ. ಎಂದವನೇ ಬಿದ್ದ. ಹಣೆ ಮೇಜಿನ ಮೂಲೆಗೆ ತಾಗಿತು.

ಒಂದಷ್ಟು ದಿನ ಆಸ್ಪತ್ರೆ, ಒಂದಷ್ಟು ದಿನ ಮನೆಯ ಮಂಚ. ಗಾಯ ಮಾಯಿತು, ತಲೆನೋವು ಇಳಿಯಿತು. ಆದರೆ ಬಸ್ ಕಂಪನಿಯ ಡಾಕ್ಟರು ಸುಮ್ಮನೆ ಸ್ಟೀರಿಂಗ್ ಕೊಡಲಿಲ್ಲ. ತಲೆಗೆ ಪೆಟ್ಟು ಬಿದ್ದವರಿಗೆ ನೆನಪು ಹೇಗಿದೆ, ಹೊಸದನ್ನು ಕಲಿಯುವ ಶಕ್ತಿ ಹೇಗಿದೆ, ಆತುರಕ್ಕೆ ಕಡಿವಾಣ ಇದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವವರಿದ್ದಾರೆ, ಅವರು ಸರಿ ಎಂದರೆ ಬಸ್ಸು, ಇಲ್ಲವೆಂದರೆ ಡಿಪೋದ ಬಿಡಿಭಾಗಗಳ ಕೋಣೆಯಲ್ಲಿ ಕೂತು ನಟ್ಟು ಬೋಲ್ಟು ಎಣಿಸುವ ಕೆಲಸ, ಎಂದರು. ಅಪ್ಪನಿಗೆ ಊಟ ರುಚಿಸದಾಯಿತು. ಮೊದಲ ಸಲ ಆ ಮನೆಯಲ್ಲಿ ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಸದ್ದಿಲ್ಲದ ಜಾಗ ಹುಟ್ಟಿತು. ಬೇಕು ಬೇಕೆಂದು ಹಂಬಲಿಸಿದ್ದ ಆ ನಿಶ್ಶಬ್ದ ಗುಬ್ಬಿಗೆ ಒಂದಿಷ್ಟೂ ಹಿಡಿಸಲಿಲ್ಲ.

ಆಗ ಬಂದವನು ಮೀಸೆ ಮಾವ. ಅಮ್ಮನ ತಮ್ಮ, ಅದೇ ಡಿಪೋದಲ್ಲಿ ಮೆಕ್ಯಾನಿಕ್ಕು. ಹಿಂದಿನ ವರ್ಷ ಬಸ್ಸಿನಡಿಯಿಂದ ಏಳುವಾಗ ತಲೆ ಜಪ್ಪಿಸಿಕೊಂಡು, ಬೇರೊಂದು ಆಸ್ಪತ್ರೆಯಲ್ಲಿ ಇಂಥದೇ ಪರೀಕ್ಷೆಗೆ ಕೂತು ಬಂದವನು.

"ಭಾವ, ಯಾಕೆ ಮುಖ ಪಂಕ್ಚರ್ ಆಗಿದೆ? ಪ್ರಶ್ನೆಪತ್ರಿಕೆ ನನ್ನ ಹತ್ರ ಇದೆ" ಎಂದ, ಮೀಸೆ ತಿರುವಿ. "ಒಂದಷ್ಟು ಪದ ಓದ್ತಾರೆ, ವಾಪಸ್ ಹೇಳು ಅಂತಾರೆ. ಸುಮಾರು ಹೊತ್ತು ಬೇರೆ ಆಟ ಆಡ್ಸಿ, ಮತ್ತೆ ಹೇಳು ಅಂತಾರೆ. ನನಗೆ ಆ ಪದ ಎಲ್ಲಾ ಇವತ್ತಿಗೂ ಬಾಯಿಪಾಠ."

"ಎಲ್ಲರಿಗೂ ಅದನ್ನೇ ಕೇಳ್ತಾರೇನೋ?" ಎಂದಳು ಅಮ್ಮ.

"ಅಕ್ಕಾ, ಲೈಸೆನ್ಸ್ ಪರೀಕ್ಷೆ ನೋಡು. ಎಲ್ಲಿಗೆ ಹೋದರೂ ತ್ರಿಕೋನದೊಳಗೆ ಅದೇ ಹಸು, ಅದೇ ತಿರುವು. ತಲೆ ಪರೀಕ್ಷೆಗೆ ಮಾತ್ರ ಮನೆಮನೆಗೊಂದು ಚಿತ್ರ ಬರೀತಾರಾ?"

ಆ ಹೋಲಿಕೆ ಎಲ್ಲರಿಗೂ ಒಪ್ಪಿಗೆಯಾಯಿತು. ಆ ಮನೆಯವರಿಗೆ ತಿಳಿದಿದ್ದ ಪರೀಕ್ಷೆ ಅದೊಂದೇ, ಅದು ನಿಜಕ್ಕೂ ಎಲ್ಲ ಕಡೆಯೂ ಒಂದೇ.

ಪಾಠ ಶುರುವಾಯಿತು. ಮೇಷ್ಟ್ರ ಕೆಲಸ ಗುಬ್ಬಿಗೆ ಬಂತು, ಏಕೆಂದರೆ ಉಳಿದವರು ಪಾಠ ಹೇಳಲು ಕೂತರೆ ಜಗಳಕ್ಕೆ ತಿರುಗುತ್ತಿತ್ತು. ಅವಳು ಮೆಲ್ಲಗೆ ಒಂದೊಂದೇ ಪದ ಹೇಳುತ್ತಿದ್ದಳು: ಛತ್ರಿ, ಮೊಲ, ಸೂಜಿ, ಏಣಿ, ಕಂಬಳಿ, ಹಡಗು... ಅಪ್ಪ ನಾಲ್ಕು ಹೇಳಿ ಐದನೆಯದಕ್ಕೆ ತಡವರಿಸಿ ಸಿಟ್ಟಾಗುತ್ತಿದ್ದ. ಎರಡು ದಿನ ನೋಡಿದ ಮೇಲೆ ಗುಬ್ಬಿ, "ಅಪ್ಪ, ಒಂದೊಂದು ಸ್ಟಾಪಲ್ಲಿ ಒಂದೊಂದನ್ನ ಹತ್ತಿಸಿಕೋ" ಎಂದಳು.

ಹೊಸ ಡ್ರೈವರುಗಳಿಗೆ ರೂಟು ಕಲಿಸುವಾಗ ಡಿಪೋದಲ್ಲಿ ಸ್ಟಾಪುಗಳ ಹೆಸರನ್ನು ಹಾಡಿನ ಹಾಗೆ ಹೇಳಿಸುತ್ತಾರೆ. ಅಪ್ಪ ಅದರಲ್ಲಿ ಎತ್ತಿದ ಕೈ. ಟೈಲರ್ ಅಂಗಡಿಯ ಸ್ಟಾಪಿನಲ್ಲಿ ಛತ್ರಿ ಹತ್ತಿತು. ಪೋಸ್ಟಾಫೀಸಿನಲ್ಲಿ ಮೊಲ, ನೀರಿನ ಟ್ಯಾಂಕಿನ ಬಳಿ ಸೂಜಿ, ಹಳೇ ಸೇತುವೆಯಲ್ಲಿ ಏಣಿ. "ಏಣಿಗೆ ಲಗೇಜು ಟಿಕೆಟ್ಟು ಹಾಕಬೇಕು" ಎಂದು ಅಪ್ಪ ನಕ್ಕ, ಬಿದ್ದ ಮೇಲೆ ಮೊದಲ ಸಲ. ಅಲ್ಲಿಂದ ಮುಂದೆ ಹಲ್ಲುಜ್ಜುವಾಗ, ಬಟ್ಟೆ ಒಣಗಿಸುವಾಗ, ಟೀ ಸೋಸುವಾಗ ಅದೇ ಜಪ. "ಹಾಡಿದ್ದೇ ಹಾಡೋ ಕಿಸಬಾಯಿ ದಾಸ" ಎಂದು ರೇಗುತ್ತಿದ್ದ ದೊಡ್ಡತ್ತೆಯೇ ನಿದ್ದೆಯಲ್ಲಿ "ಕಂಬಳಿ" ಎಂದಳು. ಅಮ್ಮ ಕಂಬಳಿ ತಂದು ಹೊದಿಸಿದಳು.

ಪರೀಕ್ಷೆಯ ದಿನ ಇಡೀ ಮನೆಯೇ ಹೊರಟಿತು. ಆಸ್ಪತ್ರೆಯ ಉದ್ದನೆಯ ಓಣಿಯ ಕೊನೆಯಲ್ಲೊಂದು ಬಾಗಿಲು, ಅದರ ಮುಂದೊಂದು ಬೆಂಚು. ಬಾಗಿಲು ತೆರೆದವಳು ಚಪ್ಪಟೆ ಚಪ್ಪಲಿಯ, ಕನ್ನಡಕದ ಹುಡುಗಿ, ಗುಬ್ಬಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು.

"ನಾನು ಮಾತ್ರೆ ಕೊಡೋ ಡಾಕ್ಟರ್ ಅಲ್ಲ, ಹೆದರಬೇಡಿ" ಎಂದಳು. "ನೆನಪು, ಗಮನ, ಇವನ್ನೆಲ್ಲ ಅಳೆಯೋಳು. ಮೊದಲು ಮನೆಯವರನ್ನ ಒಂದು ಮಾತು ಕೇಳ್ಬೇಕು. ಬಿದ್ದ ಮೇಲೆ ಇವರಲ್ಲಿ ಆತುರ ಏನಾದ್ರೂ..."

"ಆತುರ ಬಿದ್ದಮೇಲೆ ಬಂದಿದ್ದಲ್ಲ ಮೇಡಂ!" ಎಂದಳು ದೊಡ್ಡತ್ತೆ. "ಒಂಬತ್ತು ತಿಂಗಳು ತಡ್ಕೊಳ್ಳೋಕಾಗದೆ ಏಳಕ್ಕೇ ಹುಟ್ಟಿದೋನು."

"ಅಕ್ಕ ಮಾತ್ರ ಹತ್ತು ತಿಂಗಳು ಒಳಗೇ ಕೂತು ಮಾತು ಕೂಡಿಹಾಕ್ಕೊಂಡು ಬಂದಳು ಮೇಡಂ" ಎಂದ ಅಪ್ಪ.

ಮೇಡಂ ನಗು ನುಂಗಿಕೊಂಡು ಬರೆದುಕೊಂಡಳು. ಪರೀಕ್ಷೆಯ ಕೋಣೆಗೆ ಸಾಮಾನ್ಯವಾಗಿ ಬೇರೆಯವರನ್ನು ಬಿಡುವುದಿಲ್ಲವಂತೆ. ಆದರೆ ಆಸ್ಪತ್ರೆ ವಾಸದ ಮೇಲೆ ಅಪ್ಪನಿಗೆ ಮುಚ್ಚಿದ ಬಾಗಿಲು ಕಂಡರೆ ಕಸಿವಿಸಿ. ಒಳಗೆ ಹೋಗಿ ಹೊರಗೆ ಬಂದು, ಮತ್ತೆ ಹೋಗಿ ಬಂದು ಮಾಡುತ್ತಿದ್ದ. ಅದನ್ನು ನೋಡಿ ಮೇಡಂ, "ಒಬ್ಬರು ಹಿಂದುಗಡೆ ಮೂಲೆಯಲ್ಲಿ ಕೂತ್ಕೊಳ್ಳಿ. ಆದ್ರೆ ಒಂದೇ ಷರತ್ತು. ಏನೇ ಆಗ್ಲಿ, ಬಾಯಿ ಬಿಡಬಾರ್ದು" ಎಂದಳು.

ಮೂರು ಕೈಗಳು ಒಟ್ಟಿಗೇ ಗುಬ್ಬಿಯ ಕಡೆ ತಿರುಗಿದವು.

"ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ ಮೇಡಂ, ನಮ್ಮನೇಲಿ ಬೆಳ್ಳಿ ಅಂಗಡೀನೇ ಇದೆ, ಬಂಗಾರ ಇದೊಂದೇ ಗುಂಜಿ" ಎಂದಳು ದೊಡ್ಡತ್ತೆ. ಅಮ್ಮ ಮಗಳ ಕಿವಿಯಲ್ಲಿ, "ಮಾವನ ವಿಷಯ ಮಾತ್ರ ಸತ್ತರೂ ಹೇಳ್ಬೇಡ. ಗೊತ್ತಾದ್ರೆ ಅವನ ಕೆಲಸಕ್ಕೂ ಕುತ್ತು" ಎಂದಳು. ಹೇಳಬೇಡ ಎಂದು ಆ ಮಗಳಿಗೆ ಹೇಳಿದ್ದು ಅದೇ ಮೊದಲು. ಇಷ್ಟು ದಿನ ಅದರ ಅಗತ್ಯವೇ ಬಿದ್ದಿರಲಿಲ್ಲ.

ಕೋಣೆ ಚಿಕ್ಕದು. ಮೇಜು, ಕಂಪ್ಯೂಟರು, ಬಣ್ಣದ ಕಟ್ಟಿಗೆ ತುಂಡುಗಳ ಡಬ್ಬಿ. ಗೋಡೆಯಲ್ಲಿ ಒಂದು ಮೊಳೆ, ಅದರ ಕೆಳಗೆ ದುಂಡನೆಯ ಬಿಳಿ ಗುರುತು. ಮೊದಲು ಅಲ್ಲಿ ಗಡಿಯಾರ ಇತ್ತು, ಈಗ ಯಾಕೆ ತೆಗೆದರು ಎಂದು ಗುಬ್ಬಿ ಯೋಚಿಸಿದಳು. ಸ್ವಲ್ಪ ಹೊತ್ತಿಗೆ ಮೇಡಂ ಅಪ್ಪನಿಗೆ ಹಾಳೆ ಕೊಟ್ಟು "ಗಡಿಯಾರದ ಚಿತ್ರ ಬರೀರಿ" ಎಂದಾಗ ಗೊತ್ತಾಯಿತು: ನೋಡಿ ಬರೆಯುವವರಿದ್ದಾರೆ! ಈ ಮೇಡಂಗೆ ಕಳ್ಳದಾರಿಗಳ ಪರಿಚಯ ಚೆನ್ನಾಗಿಯೇ ಇದೆ ಎಂದುಕೊಂಡಳು.

ಆಮೇಲೆ ಪದಗಳು ಬಂದವು. ಅಪ್ಪ ನೆಟ್ಟಗೆ ಕೂತು, ಸ್ಟೀರಿಂಗ್ ಹಿಡಿದವನ ಹಾಗೆ ಮೇಜಿನ ಅಂಚು ಹಿಡಿದುಕೊಂಡ.

ಮೇಡಂ ಓದಿದಳು. "ಚಮಚ. ಕುದುರೆ. ಬೀಗ. ನದಿ. ಟೋಪಿ. ಗರಗಸ..."

ಛತ್ರಿ ಇಲ್ಲ. ಮೊಲ ಇಲ್ಲ. ಮಾವನ ಪಟ್ಟಿಯ ಒಂದೇ ಒಂದು ಪದ ಇಲ್ಲ. ಹಿಂದಿನಿಂದ ಗುಬ್ಬಿಗೆ ಕಂಡದ್ದು ಅಪ್ಪನ ಕಿವಿಗಳು ಮಾತ್ರ. ಅವು ಕೆಂಪಾಗುತ್ತ ಬಂದವು.

"ಈಗ ನೆನಪಿರೋದನ್ನ ಹೇಳಿ, ಯಾವ ಕ್ರಮದಲ್ಲಾದ್ರೂ ಪರವಾಗಿಲ್ಲ."

"ಚಮಚ..." ಎಂದ ಅಪ್ಪ. "ಕುದುರೆ. ಮೊಲ... ಅಲ್ಲಲ್ಲ. ನದಿ. ಸೂಜಿ."

ಮೇಡಂ ಮುಖದಲ್ಲಿ ಏನೂ ತೋರಿಸಲಿಲ್ಲ, ಆದರೆ ಪೆನ್ನು ಹಾಳೆಯ ಇನ್ನೊಂದು ಬದಿಗೆ ಸರಿದು ಎರಡು ಗುರುತು ಹಾಕಿತು. ಮತ್ತೆ ಓದಿದಳು, ಮತ್ತೆ ಕೇಳಿದಳು. ಪ್ರತಿ ಸಲವೂ ಅಪ್ಪನಿಗೆ ಹೊಸ ಪದಗಳು ಒಂದೆರಡು ಹೆಚ್ಚು ಸಿಕ್ಕವು, ಆದರೆ ಎಲ್ಲಿಂದಲೋ ಏಣಿಯೋ ಹಡಗೋ ನುಗ್ಗಿ ಬರುತ್ತಿತ್ತು. ಪೆನ್ನು ಪ್ರತಿ ಸಲವೂ ಆ ಬದಿಗೆ ಹೋಗುತ್ತಿತ್ತು.

ನಂತರ ಕಂಪ್ಯೂಟರಿನ ಆಟ. ಹಸಿರು ಚುಕ್ಕಿ ಬಂದರೆ ತಟ್ಟನೆ ಒತ್ತಬೇಕು, ಕೆಂಪು ಬಂದರೆ ಒತ್ತಬಾರದು. ಅಪ್ಪ ಹಸಿರಿಗೆ ಪಟಪಟನೆ ಒತ್ತಿದ. ಕೆಂಪು ಬಂದಾಗ ಬೆರಳು ಕದಲಲಿಲ್ಲ, ಆದರೆ ಮೇಜಿನ ಕೆಳಗಿಂದ "ಧಡ್" ಎಂದು ಸದ್ದಾಯಿತು. ಮತ್ತೊಂದು ಕೆಂಪು, ಮತ್ತೊಂದು ಧಡ್. ಮೇಡಂ ಬಗ್ಗಿ ನೋಡಿದಳು. ಅಪ್ಪನ ಬಲಗಾಲು ನೆಲವನ್ನು ತುಳಿದು ಹಿಡಿದಿತ್ತು.

"ಬ್ರೇಕು ಮೇಡಂ" ಎಂದ ಅಪ್ಪ ಸಂಕೋಚದಿಂದ. "ತಾನಾಗೇ ಹೋಗುತ್ತೆ."

"ಪರವಾಗಿಲ್ಲ, ಕಾಲಿಗೆ ಇಲ್ಲಿ ಮಾರ್ಕು ಇಲ್ಲ. ಈಗ ನಿಯಮ ಉಲ್ಟಾ. ಕೆಂಪಿಗೆ ಒತ್ತಿ, ಹಸಿರಿಗೆ ಬೇಡ."

ಅಪ್ಪ ಕೈ ಹಿಂದಕ್ಕೆ ಎಳೆದುಕೊಂಡ. "ಕೆಂಪಿಗೆ ಹೋಗೋದಾ? ಇಲ್ಲ ಮೇಡಂ. ಅದೊಂದು ಹೇಳ್ಬೇಡಿ. ಇಷ್ಟು ವರ್ಷದಲ್ಲಿ ಒಂದ್ಸಲನೂ ಹೋಗಿಲ್ಲ."

"ಇದು ಬಸ್ಸಲ್ಲ, ಕಂಪ್ಯೂಟರು."

"ಕೆಂಪು ಕೆಂಪೇ ಮೇಡಂ."

ಮೇಡಂ ಈ ಸಲ ನಗು ತಡೆಯಲಾಗದೆ ಕನ್ನಡಕ ತೆಗೆದು ಒರೆಸಿಕೊಂಡಳು. ಬಣ್ಣ ಬಿಟ್ಟು ತ್ರಿಕೋನ, ಚೌಕಗಳ ಆಟ ಹಾಕಿದಳು. ಅದನ್ನು ಉಲ್ಟಾ ಮಾಡಿದಾಗ ಅಪ್ಪ ಮೊದಲು ನಾಲ್ಕಾರು ಸಲ ಎಡವಿದ, ಆಮೇಲೆ ದಾರಿ ಹಿಡಿದ. ಗುಬ್ಬಿಗೆ ಸ್ವಲ್ಪ ಉಸಿರು ಬಂತು.

ಆದರೆ ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಮೇಡಂ ಎಲ್ಲ ಬದಿಗಿಟ್ಟು, "ಮೊದಲು ಓದಿದ್ನಲ್ಲ, ಆ ಪದಗಳನ್ನ ಈಗ ಇನ್ನೊಂದ್ಸಲ ಹೇಳಿ" ಎಂದಳು.

ಅಪ್ಪ ಕಣ್ಣು ಮುಚ್ಚಿಕೊಂಡ. ಏನೋ ನಡೆಯಬಾರದ್ದು ನಡೆಯುತ್ತದೆ ಎಂದು ಗುಬ್ಬಿಗೆ ಆಗಲೇ ತಿಳಿಯಿತು, ಏಕೆಂದರೆ ಅವನ ಬಲಗಾಲು ನಿಧಾನವಾಗಿ ಆಕ್ಸಿಲರೇಟರು ಒತ್ತಿತು. ಬಸ್ಸು ಹೊರಟಿತು. "ಛತ್ರಿ. ಮೊಲ. ಸೂಜಿ. ಏಣಿ. ಕಂಬಳಿ. ಹಡಗು..." ಒಂದೂ ಸ್ಟಾಪು ತಪ್ಪದೆ, ಕೊನೆಯ ನಿಲ್ದಾಣದವರೆಗೆ. ಕಣ್ಣು ಬಿಟ್ಟಾಗ ಅವನ ಮುಖ ಬಿಳಿಚಿಕೊಂಡಿತ್ತು. "ಚಮಚ" ಎಂದು ಸೇರಿಸಿದ, ಓಡಿ ಬಂದು ಬಸ್ಸು ಹತ್ತಿದವನ ಹಾಗೆ. "ನದಿ... ಬೀಗ."

ಮೇಡಂ ಬಹಳ ಮೃದುವಾಗಿ ಕೇಳಿದಳು. "ಈ ಛತ್ರಿ, ಮೊಲ ಎಲ್ಲ ನಾನು ಓದಿದ್ದೇನಾ?"

ಮಾವನ ಮುಖ ನೆನಪಾಗಿರಬೇಕು, ಅಪ್ಪ ತುಟಿ ಬಿಗಿಹಿಡಿದು, "ಗೊತ್ತಿಲ್ಲ ಮೇಡಂ. ಬಂತು" ಎಂದ.

ಪೆನ್ನು ಆ ಬದಿಗೆ ಹೋಗಿ ಗುರುತು ಹಾಕಿತು, ಹಾಕಿತು, ಹಾಕುತ್ತಲೇ ಇತ್ತು. ಗುಬ್ಬಿಗೆ ಆ ಗುರುತುಗಳ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಲ್ಲದ ಪದಗಳನ್ನು ಈ ತಲೆ ತಾನೇ ಹುಟ್ಟಿಸುತ್ತಿದೆ ಎಂದು ಆ ಹಾಳೆ ಹೇಳುತ್ತದೆ. ಇಲ್ಲದ ಪದ ಹುಟ್ಟಿಸುವ ತಲೆಗೆ ಯಾರು ಬಸ್ಸು ಕೊಡುತ್ತಾರೆ? ಬಿಡಿಭಾಗಗಳ ಕೋಣೆಯಲ್ಲಿ ಕಿಟಕಿ ಕೂಡ ಇಲ್ಲ. ಅಲ್ಲಿ ಅಪ್ಪ ಯಾರ ಮಾತಿಗೆ ಅಡ್ಡ ಬಾಯಿ ಹಾಕಬೇಕು, ನಟ್ಟುಗಳ ಮಾತಿಗೋ?

ಬಾಯಿ ಬಿಡಬಾರದು ಎಂದು ಮೇಡಂ ಹೇಳಿದ್ದಾಳೆ. ಸತ್ತರೂ ಹೇಳಬೇಡ ಎಂದು ಅಮ್ಮ ಹೇಳಿದ್ದಾಳೆ. ಮಾವನ ಕೆಲಸ ಬೇರೆ. ಗಂಟಲು ಶಾಲೆಯ ದಿನಗಳಲ್ಲಿ ಕಟ್ಟಿದಂತೆಯೇ ಕಟ್ಟಿತು. ಕುರ್ಚಿ ಕಿರ್ ಎಂದಾಗಲೇ ತಾನು ಎದ್ದು ನಿಂತಿದ್ದೇನೆಂದು ಅವಳಿಗೆ ತಿಳಿದದ್ದು.

"ಅದು..." ಎಂದಳು. ಮುಂದೆ ಬರಲಿಲ್ಲ.

ಅಪ್ಪ ಗಕ್ಕನೆ ತಿರುಗಿದ. "ಏನಿಲ್ಲ ಮೇಡಂ, ಅವಳು ನೀರು ಕೇಳ್ತಿದಾಳೆ..."

"ಅಪ್ಪ" ಎಂದಳು ಗುಬ್ಬಿ. "ನಾನು ಹೇಳೋವರೆಗೆ ಸುಮ್ನಿರು."

ಆ ಮನೆಯ ಚರಿತ್ರೆಯಲ್ಲಿ ಯಾರೂ ಯಾರಿಗೂ ಹೇಳಿ ಗೆಲ್ಲದ ಮಾತು ಅದು. ಅಪ್ಪ ಬಾಯಿ ತೆರೆದ. ಮುಚ್ಚಿದ. ಎಡಗೈಯನ್ನು ತಂದು ಬಾಯಿಗೆ ಅಡ್ಡ ಇಟ್ಟುಕೊಂಡ. ಬಲಗಾಲು "ಧಡ್" ಎಂದು ನೆಲ ತುಳಿದು ನಿಂತಿತು.

ಗುಬ್ಬಿಯ ಮಾತು ಹೊರಡಲು ತುಂಬ ಹೊತ್ತು ಹಿಡಿಯಿತು. ಒಂದು ಪದ ಬಂದು ನಿಲ್ಲುವುದು, ಇನ್ನೊಂದಕ್ಕೆ ಕಾಯುವುದು. ಆ ಒಂದೊಂದು ನಿಲುಗಡೆಯಲ್ಲೂ ಅಪ್ಪನ ಭುಜ ಮೇಲೇಳುತ್ತಿತ್ತು, ಹಣೆಯ ನರ ಉಬ್ಬುತ್ತಿತ್ತು, ಮುಂದಿನ ಪದ ಅವನ ಅಂಗೈಯೊಳಗೇ ಗುದ್ದಾಡುತ್ತಿತ್ತು. ಆದರೆ ಕೈ ಇಳಿಯಲಿಲ್ಲ.

"ಆ ಪದಗಳು... ಅಪ್ಪನ ತಲೆ ಹುಟ್ಟಿಸಿದ್ದಲ್ಲ. ನಾವು ಕಲಿಸಿದ್ದು. ಇದೇ ಬರುತ್ತೆ ಅಂದ್ಕೊಂಡು... ಲೈಸೆನ್ಸ್ ಪರೀಕ್ಷೆ ತರ. ನಾನೇ ಕೂರಿಸಿ ಹೇಳಿಕೊಟ್ಟೆ. ಒಂದೊಂದು ಸ್ಟಾಪಲ್ಲಿ ಒಂದೊಂದು ಪದ ಹತ್ತಿಸಿದ್ವಿ." ಉಸಿರು ತೆಗೆದುಕೊಂಡಳು. "ಈಗ ಅವು ಇಳೀತಾ ಇಲ್ಲ."

ಮೇಡಂ ಪೆನ್ನು ಕೆಳಗಿಟ್ಟಳು. ಅಪ್ಪನ ಕಡೆ ನೋಡಿ, "ಈಗ ನೀವು ಮಾತಾಡಬಹುದು" ಎಂದಳು.

ಕೈ ತೆಗೆದದ್ದೇ ತಡ, ಕಟ್ಟೆ ಒಡೆಯಿತು. "ಹೌದು ಮೇಡಂ! ನಮ್ಮ ಬಾಮೈದ ತಂದ ಪದಗಳು, ಪಾಪ ಅವನಿಗೆ ಏನೂ ಮಾಡ್ಬೇಡಿ! ಟಿಕೆಟ್ಟು ಕೊಟ್ಟು ಹತ್ತಿಸ್ಕೊಂಡಿರೋ ಪ್ಯಾಸೆಂಜರುಗಳು, ಇಳೀರಿ ಅಂದ್ರೆ ಇಳೀತಾರಾ? ನಿಮ್ಮ ಚಮಚಕ್ಕೆ, ಕುದುರೆಗೆ ನಿಲ್ಲೋಕೂ ಜಾಗ ಇಲ್ಲ. ಪಾಪ, ಕುದುರೆ ಫುಟ್‌ಬೋರ್ಡಲ್ಲಿ ನೇತಾಡ್ಕೊಂಡು ಬಂತು ಮೇಡಂ!"

ಮೇಡಂ ನಗಲು ಶುರು ಮಾಡಿದವಳು ಬೇಗ ನಿಲ್ಲಿಸಲಿಲ್ಲ. ಬಾಗಿಲಾಚೆ ಬೆಂಚಿನಿಂದ "ಏನಾಯ್ತು? ಪಾಸಾ?" ಎಂದು ದೊಡ್ಡತ್ತೆಯ ದನಿ ಕೇಳಿತು.

"ನಾವು ಇದನ್ನ ಬೇರೆ ಹೆಸರಿಂದ ಕರೀತೀವಿ" ಎಂದಳು ಮೇಡಂ. "ಹಳೇ ಕಲಿಕೆ ಹೊಸ ಕಲಿಕೆಗೆ ಅಡ್ಡ ಬರೋದು. ಎಲ್ಲರ ತಲೆಯಲ್ಲೂ ಆಗುತ್ತೆ, ಪೆಟ್ಟು ಬೀಳದ ತಲೆಯಲ್ಲೂ. ಆದ್ರೆ ಫುಟ್‌ಬೋರ್ಡ್ ಅನ್ನೋದು ನಮ್ಮ ಪುಸ್ತಕದಲ್ಲಿಲ್ಲ." ಆಮೇಲೆ ಮುಖ ಗಂಭೀರ ಮಾಡಿಕೊಂಡಳು. "ಇವತ್ತಿನ ಪದಗಳ ಲೆಕ್ಕ ಹಿಡಿಯೋಕಾಗಲ್ಲ. ಏನಾಯ್ತು ಅಂತ ಇದ್ದದ್ದು ಇದ್ದ ಹಾಗೆ ಬರೀತೀನಿ, ಮುಚ್ಚಿಡಲ್ಲ. ನಿಮ್ಮ ಬಾಮೈದ ಕಳ್ಳತನ ಏನೂ ಮಾಡಿಲ್ಲ, ಅವರ ಹೆಸರು ನನಗೆ ಬೇಡ. ಕೆಲವು ವಾರ ಬಿಟ್ಟು ಬನ್ನಿ, ಬೇರೆ ಪಟ್ಟಿ ಇದೆ. ಮನೇಲಿ ಪಾಠ ಬೇಡ. ಹೀಗೆ ಹೇಳದೇ ಹೋಗಿದ್ದಿದ್ರೆ..." ಎಂದು ಗುಬ್ಬಿಯ ಕಡೆ ನೋಡಿ ನಿಲ್ಲಿಸಿದಳು.

"ನನಗೆ ಬಸ್ಸು ಸಿಕ್ತಿರಲಿಲ್ಲ" ಎಂದು ಅಪ್ಪ ಮುಗಿಸಿದ. ಮುಗಿಸಿ ನಾಲಿಗೆ ಕಚ್ಚಿಕೊಂಡ.

"ಆತುರ ಇದೆ" ಎಂದಳು ಮೇಡಂ, ಕಾಗದ ಜೋಡಿಸುತ್ತ. "ಆದ್ರೆ ನಿಲ್ಲಿಸಬೇಕಾದಾಗ ನಿಲ್ಲಿಸ್ತೀರಿ. ಕಂಪ್ಯೂಟರಲ್ಲೂ ನೋಡಿದೆ, ಈಗ ಇಲ್ಲೂ ನೋಡಿದೆ."

ಹೊರಗೆ ಬಂದಾಗ ಮೂರು ಬಾಯಿಗಳು ಒಟ್ಟಿಗೇ ಪ್ರಶ್ನೆ ಹಾಕಿದವು. ಮೀಸೆ ಮಾವನೂ ಡ್ಯೂಟಿ ಮುಗಿಸಿ ಬಂದು ಸೇರಿಕೊಂಡಿದ್ದ. ಗುಬ್ಬಿ ಹೇಳಿದಳು ಎಂದು ತಿಳಿದು ಅಮ್ಮ ಹಣೆ ಚಚ್ಚಿಕೊಂಡಳು. "ಯಾವತ್ತೂ ಮಾತಾಡದೋಳು ಮಾತಾಡಿಬಿಟ್ಟೆ, ಅದೂ ಇವತ್ತೇ!" ಪೂರ್ತಿ ಕೇಳಿದ ಮೇಲೆ ಅದೇ ಕೈಯಿಂದ ಮಗಳ ತಲೆ ಸವರಿದಳು. ಮಾವ ಮಾತ್ರ, "ಹಾಗಾದ್ರೆ ಪದ ಬೇರೆನಾ? ಎಲ್ಲ ಕಡೆ ಒಂದೇ ಇಡೋಕೆ ಇವರಿಗೇನು ಕಷ್ಟ?" ಎಂದು ದಾರಿಯುದ್ದಕ್ಕೂ ಗೊಣಗಿದ.

ಮುಂದಿನ ವಾರಗಳಲ್ಲಿ ಮನೆಯಲ್ಲಿ ಛತ್ರಿ, ಮೊಲ ಎನ್ನುವುದಕ್ಕೆ ನಿಷೇಧ. ಮಳೆ ಬಂದಾಗ ದೊಡ್ಡತ್ತೆ "ಅದು... ಆ ಕಪ್ಪಗಿರುತ್ತಲ್ಲ, ಅದನ್ನ ತಗೊಂಡು ಹೋಗೋ" ಎನ್ನುತ್ತಿದ್ದಳು. ಎರಡನೆಯ ಸಲ ಅಪ್ಪ ಒಬ್ಬನೇ ಒಳಗೆ ಹೋದ. ಬಾಗಿಲು ಮುಚ್ಚಿತು. ಅವನು ಹೊರಗೆ ಬಂದು ಏನೂ ಹೇಳದೆ, ಬೆಂಚಿನ ಮೇಲಿದ್ದವರೆಲ್ಲ ಕೇಳಿ ಮುಗಿಸುವವರೆಗೆ ಕಾದು, ಆಮೇಲೆ "ಖಾಲಿ ಬಸ್ಸು ತಗೊಂಡು ಹೋಗಿದ್ದೆ, ಎಲ್ಲರಿಗೂ ಸೀಟು ಸಿಕ್ತು" ಎಂದ. ಹತ್ತು ದಿನದಲ್ಲಿ ಕಂಪನಿಯಿಂದ ಸ್ಟೀರಿಂಗಿಗೆ ಒಪ್ಪಿಗೆ ಬಂತು.

ಅವನು ಮತ್ತೆ ಡ್ಯೂಟಿಗೆ ಹತ್ತಿದ ಬೆಳಿಗ್ಗೆ ಗುಬ್ಬಿ ಅದೇ ಬಸ್ಸಿನಲ್ಲಿ ಅಂಗಡಿಗೆ ಹೊರಟಳು, ಡ್ರೈವರ್ ಸೀಟಿನ ಹಿಂದೆಯೇ ಕೂತು. ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಅಪ್ಪನ ಬಲಗಾಲು ನಿಜವಾದ ಬ್ರೇಕಿನ ಮೇಲೆ ಇಳಿಯಿತು, ಮೆತ್ತಗೆ, ಸದ್ದಿಲ್ಲದೆ. ಪಕ್ಕದವರು ಯಾರೋ "ಏನಣ್ಣ, ಇಷ್ಟು ದಿನ..." ಎಂದರು. ಅಪ್ಪ ಅವರು ಮುಗಿಸಲಿ ಎಂದು ಕಾಯುತ್ತಿರುವುದು ಕನ್ನಡಿಯಲ್ಲಿ ಕಂಡಿತು. ಕಷ್ಟಪಟ್ಟು, ಆದರೂ ಕಾಯುತ್ತಿದ್ದ.

ಅಂಗಡಿಯ ಸ್ಟಾಪು ಹತ್ತಿರವಾಯಿತು. ಅಲ್ಲಿ ಇಳಿಯುವವರು ಇನ್ಯಾರೂ ಏಳಲಿಲ್ಲ. ಮಗಳು ಹಿಂದೆಯೇ ಇದ್ದಾಳೆಂದು ಅಪ್ಪನಿಗೆ ಗೊತ್ತು, ಎಲ್ಲಿ ಇಳಿಯುತ್ತಾಳೆಂದೂ ಗೊತ್ತು. ಆದರೂ ಬಸ್ಸಿನ ವೇಗ ಒಂದಿಷ್ಟೂ ತಗ್ಗಲಿಲ್ಲ. ಕನ್ನಡಿಯಲ್ಲಿ ಅವನ ಕಣ್ಣು ಅವಳನ್ನೇ ನೋಡಿ, ಮತ್ತೆ ರಸ್ತೆಗೆ ಹೋಯಿತು. ತುಟಿ ಬಿಗಿಯಾಗಿತ್ತು. ಓ, ಬೇಕಂತಲೇ ಕಾಯುತ್ತಿದ್ದಾನೆ!

ಗುಬ್ಬಿ ಎದ್ದು ಕಂಬಿ ಹಿಡಿದುಕೊಂಡಳು. ಗಂಟಲು ಕಟ್ಟಿತು. ಕಟ್ಟಲಿ ಎಂದುಕೊಂಡಳು.

"ಛತ್ರಿ!" ಎಂದು ಕೂಗಿದಳು, ಬಸ್ಸಿನ ಹಿಂದಿನ ಸೀಟಿನವರೆಗೂ ಕೇಳುವ ಹಾಗೆ. "ಛತ್ರಿ ಹತ್ರ ನಿಲ್ಸಿ!"

ಪ್ಯಾಸೆಂಜರುಗಳೆಲ್ಲ ಗಾಬರಿಯಾಗಿ ಸೀಟಿನ ಕೆಳಗೆ ತಮ್ಮ ತಮ್ಮ ಛತ್ರಿ ಹುಡುಕಿದರು. ಬಸ್ಸು ಅಂಗಡಿಯ ಮುಂದೆಯೇ ನಿಂತಿತು.